ಬುಧವಾರ ಸಂಜೆ ಒಂದು ಟಿಕೆಟ್

ಪ್ರಶ್ನೆ: ಕಾಲೇಜಿಗೆ ಹೋಗುವಾಗ ಮಂಗಳೂರಿಗೆ ಯಾವ ಸಿನಿಮಾ ಬಂದರೂ ಬಿಡುತ್ತಿರಲಿಲ್ಲ. ಈಗ ವಯಸ್ಸು ಮೂವತ್ತೆಂಟು. ಕೆಲಸ ಹಂಪನಕಟ್ಟೆಯಲ್ಲಿ, ಮನೆ ಸುರತ್ಕಲ್. ಹದಿನೈದು ದಿನಕ್ಕೊಮ್ಮೆಯಾದರೂ ಟಾಕೀಸಿಗೆ ಹೋಗಬೇಕು ಅಂತ ಈ ವರ್ಷ ಹೊರಟೆ, ಎರಡು ಸಲಕ್ಕೆ ನಿಂತಿತು. ಒಳ್ಳೆ ಸಿನಿಮಾ ಬರಲಿ ಅಂತ ಕಾಯುತ್ತೇನೆ. ಬಂದಾಗ ಹೆಂಡತಿಗೆ ಬಿಡುವಿಲ್ಲ, ಅವಳಿಗೆ ಬಿಡುವಾದಾಗ ಮಕ್ಕಳಿಗೆ ಪರೀಕ್ಷೆ. ನಾಲ್ಕು ಜನ ಹೋದರೆ ಖರ್ಚೂ ಜಾಸ್ತಿ. ಮನೆಯಲ್ಲಿ ಮೊಬೈಲಲ್ಲಿ ಹಾಕಿದರೆ ಇಪ್ಪತ್ತು ನಿಮಿಷಕ್ಕೆ ನಿದ್ದೆ. ಏನು ಮಾಡಲಿ?

– ಓದುಗರೊಬ್ಬರು, ಸುರತ್ಕಲ್

ಉತ್ತರ: ಒಳ್ಳೆ ಸಿನಿಮಾ ಬರಲಿ ಅಂತ ಕಾಯುತ್ತೇನೆ ಅಂದಿರಲ್ಲ, ತೊಡಕು ಇರುವುದೇ ಅಲ್ಲಿ.

ಯಕ್ಷಗಾನಕ್ಕೆ ಹೋಗುವವರನ್ನು ನೋಡಿ. ನಮ್ಮಪ್ಪನಿಗೆ ಅದರ ಹುಚ್ಚು. ಪಕ್ಕದೂರಿನ ಗದ್ದೆಯಲ್ಲಿ ಆಟ ಉಂಟು ಅಂತ ಕಿವಿಗೆ ಬಿದ್ದರೆ ಸಾಕು, ಚಾಪೆ ಸುತ್ತಿಕೊಂಡು ಹೊರಟೇಬಿಡುತ್ತಿದ್ದರು. ಪ್ರಸಂಗ ಯಾವುದು ಅಂತ ವಿಚಾರಿಸುತ್ತಿದ್ದದ್ದು ದಾರಿಯಲ್ಲಿ. ಕೆಲವು ರಾತ್ರಿ ಆಟ ಸಪ್ಪೆ ಇರುತ್ತಿತ್ತು, ಬೆಳಿಗ್ಗೆ ಭಾಗವತರನ್ನು ಬೈಯುತ್ತಾ ಬರುತ್ತಿದ್ದರು. ಮುಂದಿನ ಆಟಕ್ಕೆ ಮತ್ತೆ ಹೋಗುತ್ತಿದ್ದರು. ಸಿನಿಮಾಕ್ಕೂ ಹಾಗೇ ಮಾಡಿ. ಮೊದಲು ದಿನ ಗೊತ್ತು ಮಾಡಿಕೊಳ್ಳಿ, ಸಿನಿಮಾ ಯಾವುದು ಅಂತ ಆಮೇಲೆ ನೋಡಿದರಾಯಿತು.

ನನ್ನದು ಬುಧವಾರ. ಹೊಸ ಸಿನಿಮಾ ಸಾಮಾನ್ಯವಾಗಿ ಬರುವುದು ಶುಕ್ರವಾರ. ಶನಿವಾರ, ಭಾನುವಾರ ರಶ್ಶು, ಮಲ್ಟಿಪ್ಲೆಕ್ಸಿನಲ್ಲಿ ರೇಟೂ ಏರಿರುತ್ತದೆ. ಬುಧವಾರದ ಹೊತ್ತಿಗೆ ಆಫೀಸಲ್ಲೋ ಬಸ್ಸಲ್ಲೋ ಯಾರಾದರೂ ನೋಡಿದವರು ಸಿಕ್ಕಿ ಹೇಗುಂಟು ಅಂತ ಹೇಳಿರುತ್ತಾರೆ. ಗುರುವಾರಕ್ಕೆ ಬಿಟ್ಟರೆ ಕೆಲವೊಮ್ಮೆ ಕೆಟ್ಟಿರಿ. ಜನ ಬಾರದ ಸಿನಿಮಾಕ್ಕೆ ಅಷ್ಟರಲ್ಲಿ ಒಂದೇ ಶೋ ಉಳಿದಿರುತ್ತದೆ, ಅದೂ ಬೆಳಿಗ್ಗೆ ಹತ್ತು ಗಂಟೆಗೆ, ಕೆಲಸಕ್ಕೆ ಹೋಗುವವರು ನೋಡುವುದಾದರೂ ಹೇಗೆ?

ಇನ್ನೊಂದು, ಒಬ್ಬರೇ ಹೋಗಿ. ನಮ್ಮಲ್ಲಿ ಒಬ್ಬರೇ ಸಿನಿಮಾಕ್ಕೆ ಹೋಗುವುದೆಂದರೆ ಏನೋ ಆಗಿದೆ ಅಂತ ಲೆಕ್ಕ. ಮೊದಲ ಸಲ ಕೌಂಟರಿನಲ್ಲಿ ಒಂದು ಟಿಕೆಟ್ ಕೇಳಿದಾಗ ಆ ಹುಡುಗ ನನ್ನ ಹಿಂದೆ ಯಾರಾದರೂ ಇದ್ದಾರಾ ಅಂತ ಇಣುಕಿದ. ಇಂಟರ್ವಲ್‌ನಲ್ಲಿ ಸಿಕ್ಕ ಪರಿಚಯದವರು "ಮನೆಯಲ್ಲಿ ಎಲ್ಲ ಸೌಖ್ಯ ಅಲ್ವಾ?" ಅಂದರು. ಮೂರನೇ ವಾರಕ್ಕೆ ಯಾರೂ ಕೇಳಲಿಲ್ಲ. ನಾಲ್ಕು ಜನರ ಬಿಡುವು ಒಂದೇ ದಿನ ಬರಲಿ ಅಂತ ಕಾದರೆ ವರ್ಷಕ್ಕೆ ಎರಡು ಸಿನಿಮಾ, ನಿಮಗೆ ಆದದ್ದೂ ಅದೇ ತಾನೆ. ಮನೆಮಂದಿಯ ಸಿನಿಮಾ ಹಬ್ಬಕ್ಕೋ ರಜೆಗೋ ಬೇರೆ ಇರಲಿ. ಹೆಂಡತಿಗೆ ಮಾತ್ರ ಮೊದಲೇ ಹೇಳಿಬಿಡಿ ಮಾರಾಯ್ರೆ, ಮತ್ತೆ ಅವರೂ ತಮಗೊಂದು ಸಂಜೆ ಬೇಕು ಅಂದರೆ ಕೊಡಿ.

ನಿಮಗೆ ಒಂದು ಅನುಕೂಲ ಉಂಟು. ಆಫೀಸಿನಿಂದ ಕೆ.ಎಸ್. ರಾವ್ ರಸ್ತೆಯ ಸಿಟಿ ಸೆಂಟರ್ ಮಾಲಿಗೆ ನಡೆದೇ ಹೋಗಬಹುದು, ಪಾಂಡೇಶ್ವರದ ಮಾಲೂ ತುಂಬ ದೂರವೇನಲ್ಲ. ಅಲ್ಲಿಂದಲೇ ಆರು ಗಂಟೆಯ ಆಸುಪಾಸಿನ ಶೋಗೆ ಹೋಗಿಬಿಡಿ. ಸುರತ್ಕಲ್‌ಗೆ ಹೋಗಿ ಸ್ನಾನ ಮಾಡಿ, ಚಾ ಕುಡಿದು, ಮತ್ತೆ ಬರುತ್ತೇನೆ ಅಂದರೆ ನೀವು ಬಂದ ಹಾಗೆಯೇ! ರಾತ್ರಿ ಒಂಬತ್ತೂವರೆಯ ಶೋ ಬೇಡ, ಬಿಡುವಾಗ ಸಿಟಿ ಬಸ್ ಇರುವುದಿಲ್ಲ, ಆಟೋಕ್ಕೆ ಕೊಡುವ ದುಡ್ಡಲ್ಲಿ ಇನ್ನೊಂದು ಸಿನಿಮಾ ನೋಡಬಹುದು.

ಖರ್ಚಿನ ಮಾತು. ಜೇಬು ಬರಿದು ಮಾಡುವುದು ಟಿಕೆಟ್ಟಿಗಿಂತ ಹೆಚ್ಚು ಪಾಪ್‌ಕಾರ್ನ್. ಎರಡು ಗೋಳಿಬಜೆ ತಿಂದು ಒಳಗೆ ಹೋದರೆ ಇಂಟರ್ವಲ್‌ನಲ್ಲಿ ಆ ವಾಸನೆ ಅಷ್ಟೊಂದು ಕಾಡುವುದಿಲ್ಲ. ಆ್ಯಪಿನಲ್ಲಿ ಬುಕ್ ಮಾಡಿದರೆ ಸೇವಾ ಶುಲ್ಕ ಬೇರೆ. ವಾರದ ಮಧ್ಯೆ ಸೀಟು ಖಾಲಿ ಇರುತ್ತದೆ, ಸುಮ್ನೆ ಕೌಂಟರಿಗೆ ಹೋಗಿ. ತೆರಿಗೆಯಲ್ಲೂ ವ್ಯತ್ಯಾಸ ಉಂಟು: 2025ರ ಸೆಪ್ಟೆಂಬರ್ 22ರಿಂದ ನೂರು ರೂಪಾಯಿವರೆಗಿನ ಟಿಕೆಟ್ಟಿಗೆ ಜಿಎಸ್‌ಟಿ ಶೇ. 5, ನೂರು ದಾಟಿದರೆ ಶೇ. 18. ಹಾಗಾಗಿ ಒಂದೇ ಪರದೆಯ ಹಳೆ ಟಾಕೀಸಿನಲ್ಲಿ ನೂರರೊಳಗೆ ಸಿಗುವ ಸೀಟಿದ್ದರೆ ಬಿಡಬೇಡಿ.

ಅಲ್ಲಿ ಒಂದು ಅಪಾಯ ಮಾತ್ರ ಉಂಟು. ಒಮ್ಮೆ ಹಾಗೊಂದು ಟಾಕೀಸಿಗೆ ಹೋದೆ. ನಾವು ಇದ್ದದ್ದು ಐದು ಜನ. ಹತ್ತು ಜನ ಆಗದೆ ಶೋ ಇಲ್ಲ ಅಂದರು. ಹೊರಗೆ ಜೋರು ಮಳೆ. ಐದೂ ಜನ ಕಾದೆವು. ಮಳೆಗೆ ಓಡಿಬಂದು ನಿಂತಿದ್ದ ಕಾಲೇಜು ಹುಡುಗರು ಮೂವರನ್ನು ನಮ್ಮಲ್ಲೊಬ್ಬರು ಮಾತಾಡಿಸಿ ಟಿಕೆಟ್ ತೆಗೆಸಿದರು. ಎಂಟಾಯಿತು, ಹತ್ತಾಗಲಿಲ್ಲ. ದುಡ್ಡು ವಾಪಸ್ ಕೊಟ್ಟರು. ಆಮೇಲೆ ಎರಡು ತಿಂಗಳು ನಾನು ಯಾವ ಟಾಕೀಸಿಗೂ ಕಾಲಿಡಲಿಲ್ಲ, ಅಭ್ಯಾಸ ತಪ್ಪುವುದು ಇಷ್ಟು ಸುಲಭ ನೋಡಿ. ಈಗ ಮಧ್ಯಾಹ್ನವೇ ಫೋನ್ ಮಾಡಿ ಶೋ ಉಂಟಾ ಅಂತ ಕೇಳುತ್ತೇನೆ.

ಶುರು ಮಾಡಲು ಒಳ್ಳೆ ಸಮಯ ಮಳೆಗಾಲ. ಮೇ ಕೊನೆಗೆ ಪತ್ತನಾಜೆ, ಅಂದರೆ ತುಳುನಾಡಿನಲ್ಲಿ ಆಟ, ಕೋಲಗಳೆಲ್ಲ ಆ ವರ್ಷಕ್ಕೆ ಮುಗಿಯುವ ದಿನ. ಅದು ಕಳೆದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಭೂತಕೋಲ ಇಲ್ಲ, ಕಂಬಳ ಇಲ್ಲ, ಮದುವೆಯೂ ಕಡಿಮೆ. ದೀಪಾವಳಿವರೆಗೆ ನಿಮ್ಮ ಬುಧವಾರವನ್ನು ಯಾರೂ ಕೇಳುವುದಿಲ್ಲ.

ಪ್ರಶ್ನೆ: ಅಮ್ಮನಿಗೆ ಎಪ್ಪತ್ತೆರಡು. ತಿಂಗಳಿಗೊಂದು ಸಿನಿಮಾಕ್ಕೆ ಕರೆದುಕೊಂಡು ಹೋಗೋಣ ಅಂತ ಆಸೆ. ಅವರಿಗೆ ಗಂಟುನೋವು, ಶಬ್ದವೂ ಜಾಸ್ತಿ ಅನ್ನುತ್ತಾರೆ.

– ಓದುಗರೊಬ್ಬರು, ಉಡುಪಿ

ಉತ್ತರ: ಹಿಂದಿನ ಸಾಲು ಒಳ್ಳೆಯದು ಅಂತ ಬುಕ್ ಮಾಡಬೇಡಿ. ಮಲ್ಟಿಪ್ಲೆಕ್ಸಿನಲ್ಲಿ ಹಿಂದೆ ಹೋದಷ್ಟೂ ಮೆಟ್ಟಿಲು, ಅದೂ ಕತ್ತಲಲ್ಲಿ. ಒಳಗೆ ಹೋಗುವ ಬಾಗಿಲು ಯಾವ ಸಾಲಿನ ಹತ್ತಿರ ಅಂತ ಕೌಂಟರಿನಲ್ಲಿ ಕೇಳಿ, ಆ ಸಾಲಿನ ಅಂಚಿನ ಸೀಟು ತೆಗೆದುಕೊಳ್ಳಿ. ದೀಪ ಆರುವ ಮೊದಲೇ ಕೂರಿಸಿ. ಕಿವಿಗೆ ಹತ್ತಿ, ಎಸಿಗೆ ಒಂದು ಶಾಲು. ಹೊಡೆದಾಟದ ಸಿನಿಮಾ ಮೊದಲ ಸಲಕ್ಕೆ ಬೇಡ. ಮಣಿಪಾಲಕ್ಕೆ ಹೋಗುವುದಾದರೆ ಮಧ್ಯಾಹ್ನದ ಶೋ ನೋಡಿ, ಬರುವಾಗ ಗಡ್‌ಬಡ್ ಐಸ್‌ಕ್ರೀಮ್ ತಿನ್ನಿಸಿ. ನಮ್ಮ ಅತ್ತೆ ಸಿನಿಮಾಕ್ಕೆ ಒಪ್ಪುವುದೇ ಅದಕ್ಕೆ.

ಪ್ರಶ್ನೆ: ತುಳು ಸಿನಿಮಾ ನೋಡೋಣ ಅಂತ ಹೊರಡುವಷ್ಟರಲ್ಲಿ ಅದು ಹೋಗಿರುತ್ತದೆ. ಟಿವಿಯಲ್ಲಿ ನೋಡಿದರೆ ಸಾಕಾಗುವುದಿಲ್ಲವಾ?

– ಓದುಗರೊಬ್ಬರು, ಕಾಪು

ಉತ್ತರ: ಮೇಲೆ ಹೇಳಿದ ಬುಧವಾರದ ಪಾಠ ಇಲ್ಲಿ ನಡೆಯುವುದಿಲ್ಲ. ಮೊದಲ ತುಳು ಸಿನಿಮಾ 'ಎನ್ನ ತಂಗಡಿ' ಬಂದದ್ದು 1971ರಲ್ಲಿ. 2014ರ 'ಚಾಲಿಪೋಲಿಲು' ಮಂಗಳೂರಿನಲ್ಲಿ ವರ್ಷ ದಾಟಿ ಓಡಿದ್ದೂ ಉಂಟು. ಆದರೆ ಎಲ್ಲದಕ್ಕೂ ಆ ಯೋಗ ಇಲ್ಲ. ಶನಿವಾರ, ಭಾನುವಾರ ಜನ ಬಾರದಿದ್ದರೆ ಸೋಮವಾರದಿಂದಲೇ ಶೋ ಕಡಿಮೆಯಾಗುತ್ತದೆ. ಹಾಗಾಗಿ ಮೊದಲ ಶನಿವಾರವೇ ಹೋಗಿ.

ಟಿವಿ ಸಾಲದು. ನವೀನ್ ಡಿ. ಪಡೀಲ್, ಅರವಿಂದ ಬೋಳಾರ್, ಭೋಜರಾಜ್ ವಾಮಂಜೂರು, ತುಳು ಸಿನಿಮಾದ ಈ ಹಾಸ್ಯನಟರೆಲ್ಲ ತುಳು ನಾಟಕದಲ್ಲಿ ಪಳಗಿದವರು. ಒಂದು ಮಾತು ಬಿಟ್ಟು, ಜನ ನಕ್ಕು ಮುಗಿಸಲಿ ಅಂತ ಚೂರು ನಿಂತು, ಮುಂದಿನ ಮಾತಿಗೆ ಹೋಗುತ್ತಾರೆ. ಮನೆಯಲ್ಲಿ ಒಬ್ಬರೇ ಕೂತು ನೋಡಿದರೆ ಆ ಜಾಗ ಖಾಲಿ ಬೀಳುತ್ತದೆ. ಟಾಕೀಸಿನಲ್ಲಿ ಅದೇ ಜಾಗದಲ್ಲಿ ಇನ್ನೂರು ಜನ ನಗುತ್ತಿರುತ್ತಾರೆ, ಮುಂದಿನ ಮಾತು ಅರ್ಧ ಕೇಳಿಸುವುದೇ ಇಲ್ಲ, ಪಕ್ಕದವರ ಹತ್ತಿರ "ಏನಂದ, ಏನಂದ?" ಅಂತ ಕೇಳಬೇಕಾಗುತ್ತದೆ.