ಕೊಕ್ಕರೆ ಬೆಳ್ಳೂರಿನಲ್ಲಿ ಊರು ಮೊದಲೋ, ಪಕ್ಷಿಧಾಮ ಮೊದಲೋ?

ಕೊಕ್ಕರೆ ಬೆಳ್ಳೂರಿನಲ್ಲಿ ಪಕ್ಷಿಧಾಮ ಮಾಡಿದ ಮೇಲೆ ಜನ ಅಲ್ಲಿ ನೆಲೆಸಿದರೋ, ಜನರಿದ್ದ ಕಡೆಗೇ ಹಕ್ಕಿಗಳು ಬಂದವೋ ಎಂದು ನೀವು ಕೇಳಿದ್ದೀರಿ. ಮದ್ದೂರು ತಾಲ್ಲೂಕಿನ ಈ ಊರಿನಲ್ಲಿ ರಂಗನತಿಟ್ಟಿನಂತಹ ಪಕ್ಷಿಧಾಮ ಇಂದಿಗೂ ಇಲ್ಲ. ಹೆಜ್ಜಾರ್ಲೆಗಳೂ (ಪೆಲಿಕನ್ ಹಕ್ಕಿಗಳು) ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಮನೆಗಳ ಹಿತ್ತಿಲಲ್ಲಿ, ಬೀದಿಬದಿಯ ಹುಣಸೆ, ಅರಳಿ ಮರಗಳಲ್ಲಿ. ಆ ಮರಗಳಲ್ಲಿ ಹೆಚ್ಚಿನವು ರೈತರ ಸ್ವಂತದ್ದು.

ಊರಿನ ಹಿರಿಯರು ಹೇಳುತ್ತ ಬಂದಿರುವ ಪ್ರಕಾರ ಹಳೆಯ ಊರು ಶಿಂಷಾ ನದಿಯ ದಡದಲ್ಲಿತ್ತು. 20ನೇ ಶತಮಾನದ ಆರಂಭದಲ್ಲಿ ಪ್ಲೇಗು ಹಬ್ಬಿದಾಗ ಜನ ಅದನ್ನು ತೊರೆದು ಈಗಿನ ಜಾಗಕ್ಕೆ ಬಂದರು, ಹಕ್ಕಿಗಳೂ ಅವರ ಹಿಂದೆಯೇ ಬಂದವು. ಇದನ್ನು ಬರಿಯ ಕಥೆಯೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಏಕೆಂದರೆ ಜನರ ಓಡಾಟವಿರುವ ಕಡೆ ಮೊಟ್ಟೆ, ಮರಿಗಳನ್ನು ಕದಿಯುವ ಪ್ರಾಣಿಗಳ ಕಾಟ ಕಡಿಮೆಯಿರುತ್ತದೆ.

ಹಕ್ಕಿಗಳನ್ನು ಊರಿನವರು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ ಎಂಬ ಮಾತನ್ನು ನೀವೂ ಕೇಳಿರಬಹುದು. ಅದು ನಿಜವೇ, ಆದರೆ ಅಕ್ಕರೆಯ ಜೊತೆಗೆ ಬೇಸಾಯದ ಲೆಕ್ಕವೂ ಇತ್ತು. ಮರದ ಬುಡದಲ್ಲಿ ಗುಂಡಿ ತೋಡಿ, ಕೆರೆಯ ಗೋಡುಮಣ್ಣು ತುಂಬಿ ಬಿಡುತ್ತಿದ್ದರು; ತಿಂಗಳುಗಟ್ಟಲೆ ಅದರ ಮೇಲೆ ಬಿದ್ದ ಹಿಕ್ಕೆ ಮಣ್ಣಿನೊಡನೆ ಬೆರೆತು ಒಳ್ಳೆಯ ಗೊಬ್ಬರವಾಗುತ್ತಿತ್ತು, ಅದನ್ನು ಹೊಲಗದ್ದೆಗಳಿಗೆ ಹೊಡೆಯುತ್ತಿದ್ದರು. ಇನ್ನೊಂದು ಕಡೆ ನಷ್ಟವೂ ಇತ್ತು. ಹುಣಸೆಹಣ್ಣು ಬಡಿಯುವ ಕಾಲಕ್ಕೇ ಗೂಡಿನಲ್ಲಿ ಮರಿಗಳಿರುತ್ತವೆ. ಕೊಂಬೆ ಅಲುಗಿಸಿದರೆ ಮರಿ ಬೀಳುತ್ತದೆ, ಅಲುಗಿಸದೆ ಬಿಟ್ಟರೆ ಹಿಕ್ಕೆ ಮೆತ್ತಿದ ಹಣ್ಣು ಮಾರಾಟಕ್ಕೆ ಬರುವುದಿಲ್ಲ. ಇದರ ಮೇಲೆ ಬೇಸಿಗೆಯುದ್ದಕ್ಕೂ ಬೀದಿಯಲ್ಲಿ ಹಳಸಿದ ಮೀನಿನ ನಾತ, ಅಂಗಳದಲ್ಲಿ ಬಟ್ಟೆ ಒಣಹಾಕುವಂತಿಲ್ಲ. ನೋಡಿಹೋಗಲು ಬರುವವರು ಈ ಭಾಗವನ್ನು ಸಾಮಾನ್ಯವಾಗಿ ಬರೆಯುವುದಿಲ್ಲ.

1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ಈ ಊರನ್ನು ಗಮನಿಸಿದ ಮೇಲೆ ಹೊರಗಿನವರಿಗೆ ಇದರ ಪರಿಚಯವಾಯಿತು, ಹುಣಸೆಯ ಫಸಲನ್ನು ಬಿಟ್ಟುಕೊಟ್ಟ ಮನೆಗಳಿಗೆ ಅರಣ್ಯ ಇಲಾಖೆ ಪರಿಹಾರಧನ ಕೊಡುವ ಕ್ರಮವೂ ಬಂತು. 1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಪ್ರೇಮಿಗಳ ಜೊತೆ ಸೇರಿ ಊರಿನ ಯುವಕರು ಹೆಜ್ಜಾರ್ಲೆ ಬಳಗ ಕಟ್ಟಿಕೊಂಡು, ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಲು ಬಿಡುವ ಕೆಲಸಕ್ಕಿಳಿದರು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. 1972ರ ವನ್ಯಜೀವಿ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ ಸೇರಿದ ಈ ವರ್ಗದಲ್ಲಿ ಜಮೀನು ಜನರ ಕೈಯಲ್ಲೇ ಉಳಿಯುತ್ತದೆ, ಯಾರೂ ಒಕ್ಕಲೇಳಬೇಕಾಗಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಊರು ಮತ್ತು ಹಕ್ಕಿ ಮೊದಲು, ಸರ್ಕಾರದ ಆದೇಶ ಬಹಳ ಆಮೇಲೆ.

ಈಗಿನ ತೊಂದರೆಗಳು ಬೇರೆ ಬಗೆಯವು. 2017ರ ಕೊನೆಯಿಂದ ಕೆಲವು ತಿಂಗಳು ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತವು. ತಿಂದ ಮೀನಿನಿಂದ ಹೊಟ್ಟೆ ಸೇರಿದ ಜಂತುಹುಳು ಕಾರಣವೆಂದು ತಿಳಿದುಬಂತು. ಹಕ್ಕಿಗಳು ಮೀನು ಹಿಡಿಯುವುದು ದೂರದೂರದ ಕೆರೆಗಳಲ್ಲಿ. ಆ ನೀರು ಕೆಟ್ಟರೆ, ಊರಿನವರು ಹುಣಸೆಮರಗಳನ್ನು ಎಷ್ಟೇ ಕಾಪಾಡಿದರೂ ಸಾಲದು. ಸಮುದಾಯ ಮೀಸಲಿನ ಗಡಿಯಾಚೆಗಿರುವ ಆ ಕೆರೆಗಳ ಹೊಣೆಯನ್ನು ಬೆಳ್ಳೂರಿನವರ ತಲೆಗೆ ಕಟ್ಟುವುದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ.