ಕುಣಿಯುವ ಆಕ್ಸಲ್‌ಗೆ ಕಡಿವಾಣ: ಟ್ರ್ಯಾಕ್ಷನ್ ಬಾರ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನನ್ನದು ನಾಲ್ಕೂ ಚಕ್ರಗಳಿಗೆ ಎಳೆತವಿರುವ ಪಿಕಪ್. ಹಿಂದಿನ ಆಕ್ಸಲ್ ಮತ್ತು ಲೀಫ್ ಸ್ಪ್ರಿಂಗ್ ಪಟ್ಟಿಗಳ ನಡುವೆ 75 ಮಿ.ಮೀ. ಬ್ಲಾಕ್ ಕೂರಿಸಿ ಗಾಡಿಯನ್ನು ಎತ್ತರಿಸಿದ್ದೇನೆ, ದೊಡ್ಡ ಟೈರುಗಳನ್ನೂ ಹಾಕಿಸಿದ್ದೇನೆ. ಆಮೇಲಿಂದ ಜಲ್ಲಿಯ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಹಿಂಭಾಗ ದಡದಡನೆ ಕುಣಿಯುತ್ತದೆ. ಆರು ತಿಂಗಳಲ್ಲಿ ಎರಡು ಸಲ, ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕೀಲು (ಯು ಜಾಯಿಂಟ್ ಕ್ರಾಸ್) ಹೋಗಿದೆ. ಆಕ್ಸಲ್ ತಿರುಚದಂತೆ ಹಿಡಿಯುವ ಸರಳು, ಅಂದರೆ ಟ್ರ್ಯಾಕ್ಷನ್ ಬಾರ್ ಹಾಕಿಸಿ ಎನ್ನುತ್ತಾರೆ. ನಿಜಕ್ಕೂ ಬೇಕೇ? ಬೇಕಿದ್ದರೆ ಯಾವುದು?

ಉತ್ತರ: ನಿಮ್ಮ ವಿಷಯದಲ್ಲಿ ಬೇಕಾಗುವ ಸಾಧ್ಯತೆ ಹೆಚ್ಚು. ಆದರೆ ಕೊಳ್ಳುವ ಮೊದಲು ಒಂದು ಸಂಜೆ ಗಾಡಿಯ ಕೆಳಗೆ ಕಳೆಯಿರಿ. ಪಟ್ಟಿಗಳನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಸಡಿಲವಾಗಿದ್ದರೂ, ಪಟ್ಟಿಗಳನ್ನು ಒಟ್ಟಿಗೆ ಹಿಡಿಯುವ ಸೆಂಟರ್ ಬೋಲ್ಟ್ ತುಂಡಾಗಿದ್ದರೂ, ಪಟ್ಟಿಯ ಮುಂದಿನ ಕಣ್ಣಿನ (ಚಾಸಿಗೆ ಕೂಡುವ ಸುರುಳಿಯ) ಬುಷ್ ತಿಂದುಹೋಗಿದ್ದರೂ, ಶಾಕ್ ಅಬ್ಸಾರ್ಬರ್ ಸತ್ತಿದ್ದರೂ ಇದೇ ಕುಣಿತ ಬರುತ್ತದೆ. ಇವುಗಳ ಮೇಲೆ ಬಾರ್ ಹಾಕಿದರೆ ಮುರುಕು ಕಾಲಿಗೆ ಊರುಗೋಲು ಕೊಟ್ಟಂತೆ: ನಡೆಯಬಹುದು, ಮೂಳೆ ಕೂಡುವುದಿಲ್ಲ.

ಅವೆಲ್ಲ ಸರಿಯಿದ್ದರೆ ಆಕ್ಸಲ್ ತಿರುಚುತ್ತಿದೆಯೇ ಎಂಬುದನ್ನು ಕಣ್ಣಾರೆ ನೋಡಿ. ಮೊಬೈಲನ್ನು ಚಾಸಿಗೆ ಗಟ್ಟಿಯಾಗಿ ಕಟ್ಟಿ, ಕ್ಯಾಮೆರಾವನ್ನು ಆಕ್ಸಲ್ ನಡುವಿನ ಡಿಫರೆನ್ಷಿಯಲ್‌ನ ಮೂತಿಯ (ಶಾಫ್ಟ್ ಬಂದು ಸೇರುವ ಮುಂಭಾಗದ) ಕಡೆಗೆ ತಿರುಗಿಸಿ, ಏರಿನಲ್ಲಿ ಗಾಡಿಯನ್ನು ಹೊರಡಿಸಿ. ಚಕ್ರವನ್ನು ಮುಂದಕ್ಕೆ ತಿರುಗಿಸುವ ಬಲ ಆಕ್ಸಲ್‌ನ ಹೊರಕವಚವನ್ನು (ಹೌಸಿಂಗ್) ಹಿಂದಕ್ಕೆ ತಿರುಗಿಸಲು ನೋಡುತ್ತದೆ. ಹಾಗಾಗಿ ಮೂತಿ ಮೇಲೇಳುತ್ತದೆ, ಪಟ್ಟಿಯ ಮುಂದಿನ ಅರ್ಧ ಉಬ್ಬುತ್ತದೆ, ಹಿಂದಿನ ಅರ್ಧ ತಗ್ಗುತ್ತದೆ. ಟೈರಿನ ಹಿಡಿತ ತಪ್ಪಿದ ಕ್ಷಣ ಪಟ್ಟಿ ಹಿಂದಕ್ಕೆ ಚಿಮ್ಮುತ್ತದೆ, ಟೈರು ಮತ್ತೆ ನೆಲ ಕಚ್ಚುತ್ತದೆ, ಮತ್ತೆ ತಿರುಚುತ್ತದೆ. ನಿಮಗೆ ಕೇಳುವ ದಡದಡ ಇದೇ. ಮೂತಿ ಪ್ರತಿ ಸಲ ಮೇಲೆದ್ದಾಗ ಕ್ರಾಸ್‌ನ ಕೋನ ಹಿಗ್ಗುತ್ತದೆ. ಎರಡು ಕ್ರಾಸ್‌ಗಳು ಹೋದದ್ದು ಬಹುಶಃ ಹೀಗೆ.

ಬ್ಲಾಕ್ ಇದಕ್ಕೆ ತುಪ್ಪ ಸುರಿದಿದೆ. ಆಕ್ಸಲ್ ಪಟ್ಟಿಯಿಂದ ದೂರವಾದಷ್ಟೂ ಅದು ಪಟ್ಟಿಯನ್ನು ಮೀಟುವ ಸನ್ನೆಗೋಲು ಉದ್ದವಾಗುತ್ತದೆ. ಬ್ಲಾಕ್ ತೆಗೆದು, ಅದೇ ಎತ್ತರ ಕೊಡುವ ಹೊಸ ಪಟ್ಟಿಗಳನ್ನು ಹಾಕಿಸುವ ಮನಸ್ಸಿದ್ದರೆ ಮೊದಲು ಅದನ್ನೇ ಮಾಡಿ. ಅಷ್ಟರಿಂದಲೇ ಕುಣಿತ ನಿಂತ ಗಾಡಿಗಳನ್ನು ನಾನು ಕಂಡಿದ್ದೇನೆ. ಶಾಕ್ ಅಬ್ಸಾರ್ಬರ್‌ಗಳ ಜೋಡಣೆಯನ್ನೂ ಗಮನಿಸಿ. 1967ರ ಷೆವರ್ಲೆ ಕಮಾರೋದ ಹೆಚ್ಚು ಶಕ್ತಿಯ ಮಾದರಿಗಳಲ್ಲಿ ಇದೇ ಕಾಯಿಲೆಗೆ ಕಾರ್ಖಾನೆಯವರೇ ಬಲಬದಿಗೆ ಒಂದು ಸರಳು ಕೊಟ್ಟಿದ್ದರು. 1968ರಲ್ಲಿ ಅದನ್ನು ಬಿಟ್ಟು ಒಂದು ಶಾಕ್ ಅಬ್ಸಾರ್ಬರನ್ನು ಆಕ್ಸಲ್‌ನ ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಇಟ್ಟರು. ಅನೇಕ ಪಿಕಪ್‌ಗಳಲ್ಲಿ ಇಂದಿಗೂ ಹಾಗೆಯೇ ಇದೆ. ಗಾಡಿ ಎತ್ತರಿಸುವಾಗ ಯಾರಾದರೂ ಎರಡನ್ನೂ ಒಂದೇ ಬದಿಗೆ ತಂದಿದ್ದಾರೆಯೇ, ನೋಡಿ.

ಈಗ ಆಯ್ಕೆ. ಪಟ್ಟಿಯ ಕೆಳಗೆ ಬಿಗಿದು, ಮುಂದಿನ ತುದಿಯಲ್ಲಿ ರಬ್ಬರ್ ಗುಂಡು ಇರುವ ಗಿಡ್ಡ ಬಾರ್‌ಗಳು ಸಿಗುತ್ತವೆ. ಪಟ್ಟಿ ತಿರುಚಿದಾಗ ಆ ಗುಂಡು ಮೇಲಕ್ಕೆ ಬಡಿದು ತಡೆಯುತ್ತದೆ. ಹಾಕುವುದು ಸುಲಭ, ಬೆಲೆ ಕಡಿಮೆ. ಆದರೆ ತಡೆಯುವುದು ಮುಂದಕ್ಕೆ ಎಳೆಯುವಾಗ ಮಾತ್ರ; ಬ್ರೇಕ್ ಹಾಕಿದಾಗ ಮೂತಿ ಕೆಳಗೆ ಬಾಗುವುದನ್ನು ಅದು ತಡೆಯುವುದಿಲ್ಲ. ಡಾಂಬರಿನ ಮೇಲೆ ನೇರ ಓಟಕ್ಕೆ ಸಾಕು, ನಿಮ್ಮ ಜಲ್ಲಿಯ ಏರಿಗೆ ನಾನು ಒಪ್ಪುವುದಿಲ್ಲ.

ಎರಡನೆಯದು ಎರಡೂ ಬದಿಗೆ ಒಂದೊಂದು ಉದ್ದ ಕೊಳವೆ. ಹಿಂದಿನ ತುದಿ ಆಕ್ಸಲ್‌ನ ಕೆಳಗೆ, ಮುಂದಿನ ತುದಿ ಚಾಸಿಗೆ. ಹೌಸಿಂಗ್ ತಿರುಗುವಾಗ ಅದರ ತಳಭಾಗ ಮುಂದಕ್ಕೆ ನುಗ್ಗುತ್ತದೆ; ಕೊಳವೆ ಅದನ್ನು ಒತ್ತಿ ಹಿಡಿಯುತ್ತದೆ. ಭಾರ ಎಳೆಯುವ ಡೀಸೆಲ್ ಪಿಕಪ್‌ಗಳಲ್ಲಿ ಇದೇ ಹೆಚ್ಚು. ಒತ್ತಡಕ್ಕೆ ಸಿಕ್ಕುವ ಉದ್ದ ಕೊಳವೆ ಸಣಕಲಾಗಿದ್ದರೆ ಬಾಗುತ್ತದೆ, ಆದ್ದರಿಂದ ಇಲ್ಲಿ ದಪ್ಪ ಮುಖ್ಯ.

ಮೂರನೆಯದು ಏಣಿಯಾಕಾರದ ಒಂದೇ ಬಾರ್. ಆಕ್ಸಲ್‌ನ ಮೇಲೆ ಒಂದು, ಕೆಳಗೆ ಒಂದು, ಹೀಗೆ ಎರಡು ಕಡೆ ಹಿಡಿದು, ಮುಂದೆ ಒಂದೇ ಬಿಂದುವಿಗೆ ಕೂಡುತ್ತದೆ; ಆ ಬಿಂದು ಚಾಸಿಗೆ ಕಟ್ಟಿದ ಸಣ್ಣ ಕೊಂಡಿಯಲ್ಲಿ (ಶಾಕಲ್) ತೂಗುತ್ತದೆ. ಆಕ್ಸಲ್ ಹಿಂದೆ ಮುಂದೆ ಸರಿದರೆ ಶಾಕಲ್ ತೂಗಿಕೊಳ್ಳುತ್ತದೆ. ತಿರುಚಲು ಹೊರಟರೆ ಬಾರ್ ಎದುರು ನಿಲ್ಲುತ್ತದೆ. ಒರಟು ದಾರಿಯ ನಿಮ್ಮ ಗಾಡಿಗೆ ನನ್ನ ಮತ ಇದಕ್ಕೇ. ಆದರೆ ಒಂದೇ ಒಂದು. ಎರಡು ಬದಿಗೂ ಏಣಿ ಹಾಕಿದರೆ, ಒಂದು ಚಕ್ರ ಗುಂಡಿಗೆ ಇಳಿದು ಇನ್ನೊಂದು ಬಂಡೆ ಹತ್ತಿದಾಗ ಎರಡು ಏಣಿಗಳೂ ಸೇರಿ ಆಕ್ಸಲ್ ಕೊಳವೆಯನ್ನೇ ಹಿಂಡುತ್ತವೆ.

ಏಣಿ ಬಾರ್ ಎಷ್ಟು ಉದ್ದವಿರಬೇಕು? ಒಂದು ಸಣ್ಣ ಲೆಕ್ಕ ಹಾಕೋಣ. ಎಂಜಿನ್ 350 ನ್ಯೂಟನ್ ಮೀಟರ್ ತಿರುಚುಬಲ ಕೊಡುತ್ತದೆ, ಮೊದಲ ಗೇರ್ ಮತ್ತು ಡಿಫರೆನ್ಷಿಯಲ್ ತಲಾ ನಾಲ್ಕು ಪಟ್ಟು ಹೆಚ್ಚಿಸುತ್ತವೆ ಎಂದುಕೊಂಡರೆ ಆಕ್ಸಲ್‌ಗೆ 5600 ತಲುಪಬಹುದು. ಆದರೆ ಟೈರಿನ ಹಿಡಿತ ಎಷ್ಟೋ ಅಷ್ಟೇ ತಿರುಚು. ಖಾಲಿ ಗಾಡಿಯ ಹಿಂದಿನ ಆಕ್ಸಲ್ ಮೇಲೆ 800 ಕೆ.ಜಿ., ಘರ್ಷಣೆಯ ಗುಣಾಂಕ 0.7, ಟೈರಿನ ತ್ರಿಜ್ಯ 0.38 ಮೀಟರ್ ಎಂದರೆ ಸುಮಾರು 2100 ನ್ಯೂಟನ್ ಮೀಟರ್‌ಗೆ ಟೈರು ಜಾರುತ್ತದೆ. ಅದೇ ಆಕ್ಸಲ್ ಮೇಲೆ 1800 ಕೆ.ಜಿ. ಬಿದ್ದರೆ ಸುಮಾರು 4700 ಆಗುತ್ತದೆ. ಆ ತಿರುಚನ್ನು 1.2 ಮೀಟರ್ ಉದ್ದದ ಬಾರ್ ತಡೆದರೆ ಮುಂದಿನ ಶಾಕಲ್ ಚಾಸಿಯನ್ನು ಸುಮಾರು 3900 ನ್ಯೂಟನ್ ಬಲದಿಂದ ಮೇಲಕ್ಕೆ ನೂಕುತ್ತದೆ. ಬಾರ್ ಅರ್ಧ ಮೀಟರ್ ಇದ್ದರೆ ಅದು 9400. ಗಿಡ್ಡ ಬಾರ್ ಹಾಕಿದವರ ಚಾಸಿಯಲ್ಲಿ ಬಿರುಕು ಕಾಣಿಸುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಬಣ್ಣ, ಹೊಳಪು, ಕೊಳವೆಯ ಗಾತ್ರ ನೋಡುವ ಮೊದಲು ಉದ್ದ ಕೇಳಿ.

ಪ್ರಶ್ನೆ: ಎರಡು ಕೊಳವೆಗಳ ಬಾರ್ ಕಿಟ್ ತಂದಿದ್ದೇನೆ. ವೆಲ್ಡಿಂಗ್ ಗೊತ್ತು, ನಾನೇ ಹಾಕಬೇಕೆಂದಿದ್ದೇನೆ. ಎಲ್ಲಿ ಎಡವುವ ಸಾಧ್ಯತೆ ಇದೆ?

ಉತ್ತರ: ಹೆಚ್ಚಿನವರು ಎಡವುವುದು ಗಾಡಿಯನ್ನು ಎತ್ತಿ ನಿಲ್ಲಿಸಿದಾಗಲೇ. ಚಾಸಿಯನ್ನು ಸ್ಟ್ಯಾಂಡ್ ಮೇಲಿಟ್ಟು, ಆಕ್ಸಲನ್ನು ಜೋತುಬಿಟ್ಟು ಅಳತೆ ತೆಗೆಯುತ್ತಾರೆ. ಗಾಡಿ ಕೆಳಗಿಳಿದು ಪಟ್ಟಿ ಚಪ್ಪಟೆಯಾದಾಗ ಆಕ್ಸಲ್ ಹಿಂದಕ್ಕೆ ಸರಿಯುತ್ತದೆ, ಅಲ್ಲಿಗೆ ಅಳತೆ ಕೆಟ್ಟಿತು. ಸ್ಟ್ಯಾಂಡ್‌ಗಳನ್ನು ಆಕ್ಸಲ್ ಕೆಳಗೇ ಇಡಿ, ಗಾಡಿಯ ಭಾರ ಪಟ್ಟಿಗಳ ಮೇಲಿರಲಿ, ನೀವು ದಿನನಿತ್ಯ ಹೊರುವ ಸಾಮಾನೂ ಹಿಂದಿರಲಿ. ಬರೀ ಜಾಕ್ ನಂಬಿ ಕೆಳಗೆ ತೂರಬೇಡಿ.

ಇನ್ನು ಬಾರ್‌ನ ಓರೆ. ಪಟ್ಟಿಯ ಮುಂದಿನ ಕಣ್ಣಿನಿಂದ ಆಕ್ಸಲ್‌ವರೆಗೆ ಒಂದು ಗೆರೆ ಎಳೆದಿದ್ದೀರೆಂದುಕೊಳ್ಳಿ. ಬಾರ್ ಅದಕ್ಕೆ ಆದಷ್ಟು ಸಮಾನಾಂತರವಾಗಿರಬೇಕು. ಆಗ ಆಕ್ಸಲ್ ಏರಿಳಿಯುವಾಗ ಬಾರ್ ಮತ್ತು ಪಟ್ಟಿ ಹೆಚ್ಚುಕಡಿಮೆ ಒಂದೇ ದಾರಿ ಹಿಡಿಯುತ್ತವೆ. ತದ್ವಿರುದ್ಧ ಓರೆಯಲ್ಲಿ ಕೂರಿಸಿದರೆ ಪ್ರತಿ ಗುಂಡಿಯಲ್ಲೂ ಒಂದು ಹಿಂದಕ್ಕೆ, ಇನ್ನೊಂದು ಮುಂದಕ್ಕೆ ಎಳೆಯುತ್ತದೆ, ಸವಾರಿ ಕಲ್ಲಿನಂತಾಗುತ್ತದೆ.

ವೆಲ್ಡಿಂಗ್ ಬಲ್ಲಿರಿ, ಹಾಗಾಗಿ ಹೆಚ್ಚು ಹೇಳುವುದಿಲ್ಲ. ಬ್ಯಾಟರಿಯ ನೆಗೆಟಿವ್ ಕಳಚಿ. ಅರ್ತ್ ಕ್ಲಾಂಪನ್ನು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಹಿಡಿಸಿ, ವಿದ್ಯುತ್ ಬೇರಿಂಗ್ ಮೂಲಕ ಹಾಯಬಾರದು. ಆಕ್ಸಲ್ ಕೊಳವೆಯ ಮೇಲೆ ಒಂದೇ ಉಸಿರಿಗೆ ಉದ್ದ ವೆಲ್ಡ್ ಎಳೆದರೆ ಅದು ಬಾಗುತ್ತದೆ. ಸ್ವಲ್ಪ ಇಲ್ಲಿ, ಸ್ವಲ್ಪ ಎದುರು ಬದಿಯಲ್ಲಿ, ನಡುವೆ ತಣಿಯಲು ಬಿಟ್ಟು ಮುಂದುವರಿಯಿರಿ. ಚಾಸಿಗೆ ವೆಲ್ಡ್ ಬೇಡ ಎಂಬುದು ನನ್ನ ಹಠ: ಬದಿಯ ಗೋಡೆಗೆ ದಪ್ಪ ಪ್ಲೇಟ್ ಇಟ್ಟು 10.9 ದರ್ಜೆಯ ಬೋಲ್ಟ್ ಬಿಗಿಯಿರಿ. ಪೆಟ್ಟಿಗೆಯಂಥ ಚಾಸಿಯಾದರೆ ಒಳಗೆ ಬೋಲ್ಟ್ ಹಾಯುವ ಕೊಳವೆ ತುಂಡು (ಸ್ಲೀವ್) ಕೂರಿಸಿ, ಇಲ್ಲವಾದರೆ ಬಿಗಿದಂತೆ ಗೋಡೆ ಒಳಕ್ಕೆ ನಜ್ಜಾಗುತ್ತದೆ. ಮೇಲಿನ, ಕೆಳಗಿನ ಅಂಚುಗಳಲ್ಲಿ ರಂಧ್ರ ಕೊರೆಯಲೇಬೇಡಿ. ಕೊರೆಯುವ ಮುನ್ನ ಗೋಡೆಯ ಆಚೆ ಇಂಧನದ ಪೈಪು, ಬ್ರೇಕ್ ಪೈಪು ಇದೆಯೇ ಎಂದು ಕೈಯಾಡಿಸಿ. ತೆಗೆದ ಯು ಬೋಲ್ಟ್‌ಗಳನ್ನು ಮತ್ತೆ ಬಳಸಬೇಡಿ. ಹೊಸದನ್ನು ಕೈಪಿಡಿಯ ಅಳತೆಗೆ ಬಿಗಿದು, ನೂರು ಕಿ.ಮೀ. ಓಡಿದ ಮೇಲೆ ಮತ್ತೆ ಬಿಗಿಯಿರಿ.

ಕೊನೆಗೆ ಮೂತಿಯ ಕೋನ. ಪಟ್ಟಿ ತಿರುಚುತ್ತದೆಂದು ಲೆಕ್ಕ ಹಾಕಿ ಮೂತಿಯನ್ನು ಒಂದೆರಡು ಡಿಗ್ರಿ ಕೆಳಗೆ ಇಡುವುದು ವಾಡಿಕೆ. ಬಾರ್ ಹಾಕಿದ ಮೇಲೆ ಅಷ್ಟು ಬೇಕಿಲ್ಲ. ಹಾಗೇ ಬಿಟ್ಟರೆ ಬಾರ್ ಬಂದ ಮೇಲೆ ನಡುಕ ಶುರುವಾಯಿತೆಂದು ಅದನ್ನೇ ಬೈಯುತ್ತೀರಿ.

ಪ್ರಶ್ನೆ: ಭಾರ ಹೇರಿ ಹೊರಟಾಗ 15–25 ಕಿ.ಮೀ. ವೇಗದಲ್ಲಿ ಗಾಡಿ ನಡುಗುತ್ತದೆ, ಆಮೇಲೆ ತಾನಾಗಿ ನಿಲ್ಲುತ್ತದೆ. ಬ್ಲಾಕ್ ಇಲ್ಲ, ಎಲ್ಲವೂ ಕಾರ್ಖಾನೆಯ ಸ್ಥಿತಿಯಲ್ಲೇ ಇದೆ. ಬಾರ್ ಹಾಕಿಸಲೇ?

ಉತ್ತರ: ಹಣ ಉಳಿಸಿಕೊಳ್ಳಿ. ನಿಮ್ಮ ಪ್ರೊಪೆಲ್ಲರ್ ಶಾಫ್ಟ್ ಎರಡು ತುಂಡಿನದಾದರೆ ಮೊದಲ ಅನುಮಾನ ಅದರ ನಡುವನ್ನು ಹೊತ್ತ ಸೆಂಟರ್ ಬೇರಿಂಗ್ ಮೇಲೆ. ಅದರ ರಬ್ಬರ್ ಸೋತಿದ್ದರೆ, ಭಾರದಿಂದ ಹಿಂಭಾಗ ತಗ್ಗಿ ಕೋನ ಬದಲಾದಾಗ ಹೊರಡುವಾಗಿನ ನಡುಕ ಬರುತ್ತದೆ. ಬೇರಿಂಗನ್ನು ಕೈಯಿಂದ ಅಲುಗಾಡಿಸಿ ನೋಡಿ. ಅಂದಹಾಗೆ, ಬಾರ್ ಹಾಕಿದರೆ ಗಾಡಿ ಹೆಚ್ಚು ಭಾರ ಹೊರುತ್ತದೆ ಎಂದು ಯಾರಾದರೂ ಹೇಳಿದ್ದರೆ ಅದು ಸುಳ್ಳು.

ಪ್ರಶ್ನೆ: ನನ್ನ ಪಿಕಪ್‌ನ ಹಿಂದೆ ಕಾಯಿಲ್ ಸ್ಪ್ರಿಂಗ್ ಇದೆ. ನನಗೂ ಬೇಕೇ?

ಉತ್ತರ: ಬೇಡ. ಕಾಯಿಲ್ ಇರುವಲ್ಲಿ ಆಕ್ಸಲನ್ನು ಹಿಡಿದಿರುವ ತೋಳುಗಳೇ ಆ ಕೆಲಸ ಮಾಡುತ್ತಿವೆ. ಕುಣಿಯುತ್ತಿದ್ದರೆ ಅವುಗಳ ಬುಷ್ ನೋಡಿ.

ಪ್ರಶ್ನೆ: ಬಾರ್ ಹಾಕಿಸಿದ ಮೇಲೆ ಕುಣಿತ ನಿಂತಿದೆ. ಆದರೆ ಪ್ರತಿ ಗುಂಡಿಗೂ ಟಕ್ ಟಕ್ ಶಬ್ದ, ಹಿಂಭಾಗವೂ ಗಡುಸಾಗಿದೆ.

ಉತ್ತರ: ಶಬ್ದಕ್ಕೆ ಎರಡು ಕಾರಣ. ತುದಿಗಳಲ್ಲಿ ಉಕ್ಕಿನ ಗುಂಡು ಕೀಲುಗಳಿದ್ದರೆ ಧೂಳು ಸೇರಿ ಬೇಗ ಸವೆಯುತ್ತವೆ, ಟಕ್ ಎನ್ನುವುದು ಅವುಗಳ ಸ್ವಭಾವ. ದಿನಬಳಕೆಯ ಗಾಡಿಗೆ ರಬ್ಬರ್ ಅಥವಾ ಪಾಲಿಯುರೆಥೇನ್ ಬುಷ್ ಲೇಸು. ಇಲ್ಲವೇ ಬಾರ್‌ನ ಉದ್ದ ಬದಲಾಗದಂತೆ ಹಿಡಿಯುವ ಲಾಕ್ ನಟ್ ಸಡಿಲವಾಗಿದೆ.

ಗಡುಸಿಗೆ ಕಾರಣ ಬೇರೆ: ಬಾರನ್ನು ಎಳೆದೋ ತಳ್ಳಿಯೋ ಬಿಗಿದಿದ್ದಾರೆ. ಓಟದ ಪಂದ್ಯದವರು ಬಲಬದಿಯ ಬಾರ್‌ಗೆ ಬೇಕೆಂದೇ ಸ್ವಲ್ಪ ಒತ್ತಡ ಕೊಡುತ್ತಾರೆ, ಏಕೆಂದರೆ ಜೋರಾಗಿ ಹೊರಡುವಾಗ ಬಲ ಹಿಂಚಕ್ರದ ಮೇಲಿನ ಭಾರ ಹಗುರಾಗುತ್ತದೆ. ನಿಮಗೆ ಅದು ಬೇಡ. ಗಾಡಿ ಸಮತಟ್ಟಾದ ನೆಲದಲ್ಲಿ ತನ್ನ ಭಾರದ ಮೇಲೆ ನಿಂತಿರುವಾಗ ಲಾಕ್ ನಟ್ ಬಿಚ್ಚಿ, ಮುಂದಿನ ಬೋಲ್ಟನ್ನು ಕೈಯಿಂದ ತೂರಿಸಿ ನೋಡಿ. ಸುತ್ತಿಗೆ ಬೇಕಾದರೆ ಬಾರ್‌ನ ಉದ್ದ ತಪ್ಪು. ಬೋಲ್ಟ್ ಬೆರಳಿನಿಂದಲೇ ಜಾರಿ ಒಳಹೋಗುವವರೆಗೆ ಕೊಳವೆಯನ್ನು ತಿರುಗಿಸುತ್ತಾ ಬನ್ನಿ, ಆಮೇಲೆ ನಟ್ ಬಿಗಿಯಿರಿ.