ಸ್ಪೇನಿನ ಬಾಸ್ಕೆಟ್‌ಬಾಲ್ ಲೀಗ್ ಎಂದರೆ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ಮಾತ್ರವೇ?

ಸ್ಪೇನಿನ ಪುರುಷರ ಲೀಗ್‌ನ ವಿಜೇತರ ಪಟ್ಟಿ ನೋಡಿದರೆ ಎರಡೇ ಹೆಸರುಗಳು ಮತ್ತೆ ಮತ್ತೆ ಬರುತ್ತವೆ, ಹೀಗಿರುವಾಗ ಉಳಿದ ಕ್ಲಬ್‌ಗಳ ಕಡೆ ಗಮನ ಕೊಡುವುದರಲ್ಲಿ ಅರ್ಥವಿದೆಯೇ ಎಂದು ಕೇಳಿದ್ದೀರಿ. ಕೆಲಸದ ನಿಮಿತ್ತ ಬಾರ್ಸಿಲೋನಾದಲ್ಲಿ ಕೆಲವು ವರ್ಷ ಇದ್ದು, ಆ ಲೀಗ್‌ನ ಪಂದ್ಯಗಳನ್ನು ಕ್ರೀಡಾಂಗಣದಲ್ಲೇ ಕುಳಿತು ನೋಡಿದವನು ನಾನು. ಅರ್ಥವಿದೆ ಮಾತ್ರವಲ್ಲ, ಆ ಕ್ಲಬ್‌ಗಳನ್ನು ಬಿಟ್ಟರೆ ಈ ಲೀಗ್ ಅರ್ಥವಾಗುವುದೇ ಇಲ್ಲ ಎಂಬುದು ನನ್ನ ಉತ್ತರ.

ಅಂಕಿಗಳ ಮಟ್ಟಿಗೆ ನೀವು ಹೇಳಿದ್ದು ಸರಿ. 1957ರಲ್ಲಿ ಆರಂಭವಾದ ಲೀಗ್ 2025ರ ಬೇಸಿಗೆಯವರೆಗೆ 69 ಬಾರಿ ನಡೆದಿದೆ. ಅದರಲ್ಲಿ ರಿಯಲ್ ಮ್ಯಾಡ್ರಿಡ್ 38 ಬಾರಿ, ಬಾರ್ಸಿಲೋನಾ 20 ಬಾರಿ ಗೆದ್ದಿವೆ. ಮಿಕ್ಕ ಹನ್ನೊಂದರಲ್ಲಿ ಜೊವೆಂತುತ್ ಮತ್ತು ಬಾಸ್ಕೋನಿಯಾ ತಲಾ ನಾಲ್ಕನ್ನು, ಮಾನ್ರೆಸಾ, ಮಾಲಗಾ, ವಾಲೆನ್ಸಿಯಾ ತಲಾ ಒಂದನ್ನು ಪಡೆದಿವೆ. 1968ರಿಂದ 1977ರವರೆಗೆ ಮ್ಯಾಡ್ರಿಡ್ ಸತತ ಹತ್ತು ವರ್ಷ ಯಾರಿಗೂ ಬಿಟ್ಟುಕೊಡದೆ ಗೆದ್ದಿತ್ತು.

ಆದರೆ 1957ರ ಆ ಮೊದಲ ಲೀಗ್‌ನಲ್ಲಿ ಆಡಿದ ತಂಡಗಳು ಆರೇ ಆರು ಎಂಬುದನ್ನು ಗಮನಿಸಿ. ಎರಡು ಮ್ಯಾಡ್ರಿಡ್ ನಗರದವು, ನಾಲ್ಕು ಬಾರ್ಸಿಲೋನಾ ಮತ್ತು ಅದರ ಸುತ್ತಮುತ್ತಲಿನ ಊರುಗಳವು. ಮೊಂಟ್ಕಾಡಾ ಊರಿನ ತಂಡ ಐಸ್ಮಾಲಿಬಾರ್ ಎಂಬ ಕಾರ್ಖಾನೆಯ ಹೆಸರು ಹೊತ್ತಿತ್ತು. ಒರಿಯೋ ವೆರ್ದೆ ತಂಡ ಬಟ್ಟೆ ಗಿರಣಿಗಳ ಊರಾದ ಸಬಾಡೆಲ್‌ನಿಂದ ಬಂದಿತ್ತು. ಎಸ್ತೂದಿಯಾಂತೆಸ್ ಎಂದರೆ ವಿದ್ಯಾರ್ಥಿಗಳು. ಆ ಕ್ಲಬ್ 1948ರಲ್ಲಿ ಮ್ಯಾಡ್ರಿಡ್‌ನ ರಮೀರೊ ದೆ ಮಾಯೆತ್ಸು ಎಂಬ ಪ್ರೌಢಶಾಲೆಯಲ್ಲಿ ಹುಟ್ಟಿತು. ಕಾರ್ಖಾನೆ, ಗಿರಣಿ, ಶಾಲೆ ಇವುಗಳಿಂದ ಮೇಲೆದ್ದ ಆಟ ಇದು. ಅಂಕಪಟ್ಟಿಯ ತಳದ ತಂಡಗಳು ಎರಡನೇ ದರ್ಜೆಗೆ ಇಳಿಯುತ್ತವೆ, ಅಲ್ಲಿ ಗೆದ್ದವು ಮೇಲೇರುತ್ತವೆ; ಆ ಆರರಲ್ಲಿ ಇಂದಿಗೂ ಮೊದಲ ದರ್ಜೆಯಿಂದ ಒಮ್ಮೆಯೂ ಕೆಳಗಿಳಿಯದೆ ಉಳಿದಿರುವುದು ಮ್ಯಾಡ್ರಿಡ್, ಬಾರ್ಸಿಲೋನಾ, ಜೊವೆಂತುತ್ ಮಾತ್ರ. ಎಸ್ತೂದಿಯಾಂತೆಸ್ 2012ರಲ್ಲಿ ಅಂಕಪಟ್ಟಿಯ ಪ್ರಕಾರ ಇಳಿಯಬೇಕಾಗಿದ್ದರೂ ಮೇಲೇರಬೇಕಾದವರು ಷರತ್ತು ಪೂರೈಸಲಾಗದ ಕಾರಣ ಉಳಿದುಕೊಂಡಿತು. 2021ರಲ್ಲಿ ಆ ಅದೃಷ್ಟವೂ ಕೈಕೊಟ್ಟಿತು.

ಜೊವೆಂತುತ್‌ನ ಊರು ಬಡಲೋನಾ, ಬಾರ್ಸಿಲೋನಾಕ್ಕೆ ಅಂಟಿಕೊಂಡಂತೆ ಕಡಲ ದಂಡೆಯಲ್ಲಿದೆ. ಮೆಟ್ರೊದ ಗೋರ್ಗ್ ನಿಲ್ದಾಣದಲ್ಲಿ ಇಳಿದು ಸ್ವಲ್ಪ ನಡೆದರೆ 1992ರ ಒಲಿಂಪಿಕ್ಸ್‌ನ ಬಾಸ್ಕೆಟ್‌ಬಾಲ್ ಪಂದ್ಯಗಳು ನಡೆದ ಕ್ರೀಡಾಂಗಣ ಸಿಗುತ್ತದೆ. ನಾನು ಹೋದದ್ದು 2018ರ ವಸಂತದಲ್ಲಿ. ಕ್ಲಬ್ ಸಾಲದಲ್ಲಿ ಮುಳುಗಿತ್ತು, ಅಂಕಪಟ್ಟಿಯ ತಳಕ್ಕೆ ಇಳಿದಿತ್ತು. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಹಸಿರು-ಕಪ್ಪು ಪಟ್ಟೆಯ ಶಾಲನ್ನು ಮೊಣಕಾಲ ಮೇಲೆ ಹರಡಿ, ಸೂರ್ಯಕಾಂತಿ ಬೀಜ ಬಿಡಿಸಿ ತಿನ್ನುತ್ತಾ, ಸಿಪ್ಪೆಯನ್ನು ಕಾಗದದ ಪೊಟ್ಟಣಕ್ಕೆ ಹಾಕುತ್ತಿದ್ದರು. ಕೊನೆಯ ಕಾಲು ಭಾಗ ಶುರುವಾದ ಮೇಲೆ ಬೀಜ ತಿನ್ನುವುದನ್ನು ಬಿಟ್ಟು ಪೊಟ್ಟಣವನ್ನು ಹಿಂಡುತ್ತಲೇ ಕುಳಿತರು. ಇದೇ ಕ್ಲಬ್ 1994ರಲ್ಲಿ ಟೆಲ್ ಅವೀವ್‌ನಲ್ಲಿ ಒಲಿಂಪಿಯಾಕೋಸ್ ತಂಡವನ್ನು 59–57ರಿಂದ ಸೋಲಿಸಿ ಯುರೋಪಿನ ಚಾಂಪಿಯನ್ ಆಗಿತ್ತು; ಇದೇ ಕ್ಲಬ್ 2005ರಲ್ಲಿ ರಿಕಿ ರೂಬಿಯೋ ಎಂಬ ಹದಿನಾಲ್ಕು ವರ್ಷದ ಹುಡುಗನನ್ನು ಲೀಗ್‌ನ ಅಂಗಳಕ್ಕೆ ಇಳಿಸಿತ್ತು. ನಾನು ಹೋದ ಆ 2018ರಲ್ಲಿ ಜೊವೆಂತುತ್ ಮೊದಲ ದರ್ಜೆಯಲ್ಲೇ ಉಳಿಯಿತು. ಪ್ರಶಸ್ತಿಯ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ, ಆದರೆ ನನ್ನ ಮಟ್ಟಿಗೆ ಅದು ಆ ಋತುವಿನ ಅತಿ ದೊಡ್ಡ ಗೆಲುವು.

1983ರಲ್ಲಿ ಕ್ಲಬ್‌ಗಳು ತಾವೇ ಕಟ್ಟಿಕೊಂಡ ಸಂಘ, ಅಂದರೆ ಎಸಿಬಿ, ಲೀಗನ್ನು ವಹಿಸಿಕೊಂಡು ನಾಕೌಟ್ ಹಂತವನ್ನು ತಂದಿತು. ಅದರ ಮೊದಲ ಅಂತಿಮ ಸರಣಿಯೇ ಅರ್ಧಕ್ಕೆ ನಿಂತಿತು: ಎರಡನೇ ಪಂದ್ಯದಲ್ಲಿ ಆಟಗಾರರು ಕೈಕೈ ಮಿಲಾಯಿಸಿದರು, ಶಿಕ್ಷೆಗಳನ್ನು ಪ್ರತಿಭಟಿಸಿ ಬಾರ್ಸಿಲೋನಾ ಮೂರನೇ ಪಂದ್ಯಕ್ಕೆ ಬರಲೇ ಇಲ್ಲ, ಮ್ಯಾಡ್ರಿಡ್ ಆಡದೆಯೇ ಚಾಂಪಿಯನ್ ಆಯಿತು. ಆದರೂ ಸಣ್ಣ ಊರಿಗೆ ಬಾಗಿಲು ತೆರೆದದ್ದು ಇದೇ ಪದ್ಧತಿ. 1998ರಲ್ಲಿ, ಒಂದು ಲಕ್ಷ ಜನರೂ ಇಲ್ಲದ ಮಾನ್ರೆಸಾ ಊರಿನ ತಂಡ ಅಂಕಪಟ್ಟಿಯಲ್ಲಿ ಆರನೆಯದಾಗಿ ಮುಗಿಸಿ, ಅಂತಿಮ ಸರಣಿಯಲ್ಲಿ ಬಾಸ್ಕೋನಿಯಾ ತಂಡವನ್ನು 3–1ರಿಂದ ಮಣಿಸಿತು. ಸರಣಿಯ ಶ್ರೇಷ್ಠ ಆಟಗಾರನಾದ ಜೊವಾನ್ ಕ್ರೆಯುಸ್ ಅವರಿಗೆ ಆಗ 41 ವರ್ಷ. ಎರಡು ವರ್ಷಗಳಲ್ಲಿ ಅದೇ ಮಾನ್ರೆಸಾ ಕೆಳದರ್ಜೆಗೆ ಇಳಿಯಿತು, ಮತ್ತೆ ಏರಿತು.

ಹಳೆಯ ಫಲಿತಾಂಶಗಳನ್ನು ಹುಡುಕುವಾಗ ಹೆಸರುಗಳಿಂದ ಗೊಂದಲವಾಗದಿರಲಿ. ಪ್ರಾಯೋಜಕರು ಬದಲಾದಂತೆ ತಂಡದ ಹೆಸರೂ ಬದಲಾಗುತ್ತದೆ: ‘ತಾವು ಸೆರಾಮಿಕಾ’, ‘ಕಾಹಾ ಲಬೊರಾಲ್’ ಎಂದೆಲ್ಲ ಕಾಣುವುದು ವಿಟೋರಿಯಾ ಊರಿನ ಬಾಸ್ಕೋನಿಯಾವೇ. ಕೋವಿಡ್‌ನಿಂದಾಗಿ 2020ರ ಕೊನೆಯ ಹಂತವನ್ನು ವಾಲೆನ್ಸಿಯಾದಲ್ಲೇ ಮುಗಿಸಿದಾಗ ಬಾರ್ಸಿಲೋನಾ ವಿರುದ್ಧ 69–67ರಿಂದ ಗೆದ್ದದ್ದೂ ಅವರೇ.

ಈ ಲೀಗ್‌ನ ಬಗ್ಗೆ ನನಗಿರುವ ಒಂದು ನಿಜವಾದ ಬೇಸರವೆಂದರೆ ಬಡ್ತಿಯ ಶುಲ್ಕ. ಎರಡನೇ ದರ್ಜೆಯಲ್ಲಿ ಗೆದ್ದ ತಂಡ ಮೇಲೇರಲು ಬಹಳ ವರ್ಷ ಲಕ್ಷಾಂತರ ಯೂರೋ ಕಟ್ಟಬೇಕಿತ್ತು. ಬುರ್ಗೋಸ್ ನಗರದ ಕ್ಲಬ್ಬೊಂದು 2013, 2014, 2015 ಹೀಗೆ ಸತತ ಮೂರು ಬಾರಿ ಅಂಗಳದಲ್ಲಿ ಬಡ್ತಿ ಗಳಿಸಿ, ಮೂರು ಬಾರಿಯೂ ಹೊರಗೇ ಉಳಿಯಿತು. ಆಟದಲ್ಲಿ ಗಳಿಸಿದ್ದನ್ನು ಹಣವಿಲ್ಲವೆಂದು ಕಿತ್ತುಕೊಳ್ಳುವುದು ನ್ಯಾಯವಲ್ಲ. ಸ್ಪೇನಿನ ಸ್ಪರ್ಧಾ ಆಯೋಗವೂ 2017ರಲ್ಲಿ ಈ ಷರತ್ತುಗಳು ಮಿತಿಮೀರಿವೆ ಎಂದು ಎಸಿಬಿಗೆ ದಂಡ ವಿಧಿಸಿತು. ಅದೇ ವರ್ಷ ಅದೇ ಊರಿನ ಇನ್ನೊಂದು ಕ್ಲಬ್ ಸಾನ್ ಪಾಬ್ಲೊ ಬುರ್ಗೋಸ್ ಮೇಲೇರಿತು, ಮತ್ತು 2020, 2021ರಲ್ಲಿ ಬೆನ್ನುಬೆನ್ನಿಗೆ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದಿತು.

ನೋಡಲು ಆರಂಭಿಸುವುದಾದರೆ ಜಿರೋನಾದಿಂದ ಆರಂಭಿಸಿ. ಅಲ್ಲಿನ ಹಳೆಯ ಕ್ಲಬ್‌ಗೆ ಆಡುತ್ತಾ ಮಾರ್ಕ್ ಗಸೋಲ್ 2008ರಲ್ಲಿ ಲೀಗ್‌ನ ಶ್ರೇಷ್ಠ ಆಟಗಾರನಾದರು. ಅದೇ ವರ್ಷ ಆ ಕ್ಲಬ್ ಸಾಲದಿಂದ ಮುಚ್ಚಿತು. ಅವರು ಅಮೆರಿಕಕ್ಕೆ ಹೋದರು, ಎನ್‌ಬಿಎ ಪ್ರಶಸ್ತಿಯನ್ನೂ ಗೆದ್ದರು. ಆದರೆ ಆ ನಡುವೆಯೇ, 2014ರಲ್ಲಿ, ಜಿರೋನಾದಲ್ಲಿ ಹೊಸ ಕ್ಲಬ್ ಕಟ್ಟಿದರು, ಕೊನೆಗೆ ತಾವೇ ಅಂಗಿ ತೊಟ್ಟು ಆಡಿ 2022ರಲ್ಲಿ ಅದನ್ನು ಮೊದಲ ದರ್ಜೆಗೆ ಏರಿಸಿದರು. ಪಂದ್ಯಗಳು ನಡೆಯುವುದು ಫೊಂತಾಜಾವು ಕ್ರೀಡಾಂಗಣದಲ್ಲಿ, ಮುಚ್ಚಿಹೋದ ಆ ಹಳೆಯ ಕ್ಲಬ್ ಆಡುತ್ತಿದ್ದ ಅದೇ ಅಂಗಳದಲ್ಲಿ.